ಕೈ ಹಿಡಿಯದ ಗೆಳೆಯರಿಗೆ ಒಂದು ಆನೆಯ ಕಥೆ

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 6 ವರ್ಷ. ಎರಡೂ ಕೈ ಮೇಲೆ, ತುಟಿಯ ಪಕ್ಕ ತೊನ್ನಿನ ಬಿಳಿ ಮಚ್ಚೆ ಬಂದಿದೆ. ಬಿಲ್ಡಿಂಗಿನ ಮಕ್ಕಳು ಆಟಕ್ಕೇನೋ ಸೇರಿಸಿಕೊಳ್ಳುತ್ತಾರೆ, ಆದರೆ ಕೈ ಹಿಡಿಯುವುದಿಲ್ಲ. ಈ ಸೆಕೆಯಲ್ಲೂ ಉದ್ದ ತೋಳಿನ ಅಂಗಿಯೇ ಬೇಕು ಅಂತ ಹಟ ಮಾಡುತ್ತಾಳೆ. ಅವಳಿಗೆ ಧೈರ್ಯ ಬರುವಂಥ ಚಿತ್ರಪುಸ್ತಕ ಇದೆಯಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಇದೆ ತಂಗೀ. ಡೇವಿಡ್ ಮೆಕ್ಕೀ ಅವರ ‘ಎಲ್ಮರ್’, 1968ರಲ್ಲಿ ಮೊದಲು ಬಂದದ್ದು. ಎಲ್ಮರ್ ಆನೆಯ ಮೈ ನಮ್ಮ ಅಜ್ಜಿಯರ ಕೌದಿಯ ಹಾಗೆ, ಬಣ್ಣಬಣ್ಣದ ಚೌಕ. ಬೇರೆ ಥರ ಇದ್ದು ಇದ್ದು ಅದಕ್ಕೆ ಸಾಕಾಗುತ್ತದೆ. ಹಣ್ಣಿನ ಮೇಲೆ ಹೊರಳಾಡಿ ಮೈಯೆಲ್ಲ ಬೂದು ಮಾಡಿಕೊಂಡು ಹಿಂಡಿಗೆ ಬಂದರೆ ಯಾರಿಗೂ ಗುರುತೇ ಸಿಗುವುದಿಲ್ಲ. ಆಮೇಲೆ ಮಳೆ ಬರುತ್ತದೆ.

ಮುಂಬೈ ಮಾಟುಂಗದ ನಮ್ಮ ಮನೆಯಲ್ಲಿ ಭಾನುವಾರ ಮಕ್ಕಳಿಗೆ ಇದನ್ನು ಓದುತ್ತಿದ್ದೆ. ಮಾತು ತೊದಲುತ್ತದೆ ಅಂತ ಬಾಯೇ ಬಿಡದ ಹುಡುಗನೊಬ್ಬ ಮಳೆಯ ಪುಟಕ್ಕೆ ಎದ್ದು ಬಂದ. ಮತ್ತೆ ಕಾಣತೊಡಗಿದ ಚೌಕದ ಮೇಲೆ ಬೆರಳಿಟ್ಟು, ‘ಬಂ... ಬಂತು!’ ಅಂದ.

ಆದರೆ ಮಗಳೊಬ್ಬಳನ್ನೇ ಕೂರಿಸಿಕೊಂಡು ‘ನೋಡು, ನಿನ್ನ ಹಾಗೇ’ ಅಂತ ಓದಬೇಡಿ. ತನ್ನ ಕೈ ಹೇಗಿದೆ ಅಂತ ಅವಳಿಗೆ ಗೊತ್ತು. ಗೊತ್ತಿಲ್ಲದಿರುವುದು ಉಳಿದ ಮಕ್ಕಳಿಗೆ. ‘ಮುಟ್ಟಿದರೆ ಅಂಟುತ್ತೆ’ ಅಂತ ಅವರ ಮನೆಯಲ್ಲಿ ಯಾರೋ ಹೇಳಿರುತ್ತಾರೆ, ಅಲ್ವಾ? ಹಾಗಾಗಿ ಮೊದಲು ಆ ಅಮ್ಮಂದಿರ ಹತ್ತಿರ ಮಾತಾಡಿ. ತೊನ್ನಿಗೆ ಮರಾಠಿಯಲ್ಲಿ ‘ಕೋಡ್’ ಅನ್ನುತ್ತಾರೆ. ಪಿಸುಗುಟ್ಟಬೇಡಿ, ಆ ಹೆಸರನ್ನೇ ಬಾಯಿಬಿಟ್ಟು ಹೇಳಿ. ಇದು ಕುಷ್ಠ ಅಲ್ಲ, ಅಂಟುವುದೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ಇಲ್ಲವಾಗುತ್ತವೆ, ಅಷ್ಟೇ. ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ, ಅದಕ್ಕೆ ಮಧ್ಯಾಹ್ನ ಉದ್ದ ತೋಳು ಒಳ್ಳೆಯದೇ. ಸಂಜೆ ಆಟಕ್ಕೆ ಬೇಕಿಲ್ಲ.

ಆಮೇಲೆ ಒಂದು ಸಂಜೆ ಮಕ್ಕಳನ್ನೆಲ್ಲ ಮನೆಗೆ ಕರೆಯಿರಿ. ಅವಲಕ್ಕಿ ಮಾಡಿ. ಪುಸ್ತಕ ಇಂಗ್ಲಿಷಿನಲ್ಲಿದ್ದರೇನು, ಚಿತ್ರ ತೋರಿಸುತ್ತಾ ಅವರು ಆಡುವ ಹಿಂದಿ, ಮರಾಠಿಯಲ್ಲೇ ಕಥೆ ಹೇಳಿ. (ಕನ್ನಡದ್ದೇ ಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಬೇರೆ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ.) ಕೊನೆಯಲ್ಲಿ ಆನೆಗಳೆಲ್ಲ ವರ್ಷಕ್ಕೊಂದು ದಿನ ಮೈಗೆ ಬಣ್ಣ ಬಳಿದುಕೊಳ್ಳುತ್ತವೆ, ಎಲ್ಮರ್ ಮಾತ್ರ ಬೂದಾಗುತ್ತದೆ. ಅಲ್ಲಿ ಮಕ್ಕಳು ನಗುತ್ತಾರೆ, ನಗಲಿ ಬಿಡಿ.

ಪುಟ ತಿರುಗಿಸುವ ಕೆಲಸ ಮಾತ್ರ ಮಗಳಿಗೇ ಕೊಡಿ. ಚಿತ್ರ ಕಾಣಬೇಕಾದರೆ ಉಳಿದವರು ಅವಳಿಗೆ ಒತ್ತಿಕೊಂಡೇ ಕೂರಬೇಕು. ತೋಳು ಮಡಚು ಅಂತ ಹೇಳಬೇಡಿ. ಸೆಕೆಯಾದಾಗ ಅವಳೇ ಮಡಚುತ್ತಾಳೆ.