ಹಳೆಯ ಪಿಕಪ್‌ನ ಬ್ರೇಕ್ ಪೈಪ್‌ಗೆ ತುಕ್ಕು ಹಿಡಿದಿದೆ, ಬ್ರೇಕ್ ಆಯಿಲ್ ಇಳಿಯುತ್ತಿದೆ. ತುಂಡು ಜೋಡಿಸಿದರೆ ಸಾಕಾ, ಪೂರ್ತಿ ಬದಲಿಸಬೇಕಾ?

ಪೂರ್ತಿ ಬದಲಿಸಿ. ಅಲ್ಲಿಯವರೆಗೆ ಆ ಗಾಡಿಯಲ್ಲಿ ಶಿರಸಿ ದಾರಿಯ ದೇವಿಮನೆ ಘಟ್ಟದ ಕಡೆ ಹೋಗಬೇಡಿ.

ನೀವು ಹೇಳಿದ್ದು ಇಷ್ಟು: ಗಾಡಿಗೆ ಹತ್ತು ವರ್ಷ ದಾಟಿದೆ, ಕಾರವಾರದ ಬೈತಖೋಲ ಬಂದರಿನಿಂದ ಶಿರಸಿಗೆ ಮೀನು ಸಾಗಿಸುತ್ತೀರಿ. ವಾರವಾರ ಬ್ರೇಕ್ ಆಯಿಲ್ ತುಂಬಿಸಬೇಕಾಗಿದೆ. ಕೆಳಗೆ ಬಗ್ಗಿ ನೋಡಿದರೆ ಪೈಪ್ ಕೆಂಪಗಾಗಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಹಾಳಾದಷ್ಟೇ ಕತ್ತರಿಸಿ ತುಂಡು ಹಾಕಿಕೊಡುತ್ತೇನೆ ಅಂತ ನಿಮ್ಮ ಮೆಕ್ಯಾನಿಕ್ ಹೇಳಿದ್ದಾರೆ. ನಾನು ಅಂಕೋಲಾ ಕಡೆ ಗ್ಯಾರೇಜ್ ಇಟ್ಟುಕೊಂಡವನು. ನನ್ನಲ್ಲಿಗೆ ಬರುವುದರಲ್ಲಿ ಮೀನಿನ ಗಾಡಿಗಳೇ ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೆಲದ ಮೇಲೆ ಹನಿ ಇಲ್ಲ ಅಂತ ಸಮಾಧಾನ ಪಡಬೇಡಿ. ನಿಂತ ಗಾಡಿಯ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಪೆಡಲ್ ತುಳಿದಾಗ ಮಾತ್ರ ಸಣ್ಣ ತೂತಿನಿಂದ ಆಯಿಲ್ ಚಿಮ್ಮುತ್ತದೆ, ಚಾಸಿಯ ಮೇಲಿನ ಕೆಸರಿಗೆ ಬಡಿದು ಅಲ್ಲೇ ಇಂಗುತ್ತದೆ. ಇಂಜಿನ್ ಬಂದ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ತುಳಿಯಿರಿ. ಆಮೇಲೆ ಜೋರಾಗಿ ಒತ್ತಿ ಹಿಡಿದುಕೊಳ್ಳಿ. ಇನ್ನೊಬ್ಬರು ಟಾರ್ಚ್ ಹಿಡಿದು ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಹಿಂದಿನ ಆಕ್ಸಲ್‌ವರೆಗೆ ಪೈಪ್ ನೋಡಲಿ. ಪೆಡಲ್ ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ.

ಪೈಪಿನ ಹೊರತು ಆಯಿಲ್ ಅಡಗಿಕೊಳ್ಳುವ ಜಾಗ ಇನ್ನೆರಡಿವೆ. ಹಿಂದಿನ ಡ್ರಮ್‌ನ ವೀಲ್ ಸಿಲಿಂಡರ್, ಅಂದರೆ ಚಕ್ರದಲ್ಲಿ ಬ್ರೇಕ್ ಒತ್ತುವ ಸಣ್ಣ ಸಿಲಿಂಡರ್, ಸೋರಿದರೆ ಆಯಿಲ್ ಡ್ರಮ್ ಒಳಗೇ ನಿಲ್ಲುತ್ತದೆ. ಚಕ್ರದ ಒಳಮೈ ಒದ್ದೆಯಾಗಿದ್ದರೆ ಡ್ರಮ್ ಬಿಚ್ಚಿಸಿ. ಆಯಿಲ್ ಕುಡಿದ ಲೈನರ್ ತೊಳೆದು ಮತ್ತೆ ಹಾಕುವ ಹಾಗಿಲ್ಲ, ಹೊಸದೇ ಬೇಕು. ಇನ್ನೊಂದು, ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಆಯಿಲ್ ಬೂಸ್ಟರ್ (ಪೆಡಲ್ ಹಗುರ ಮಾಡುವ ಭಾಗ) ಒಳಗೆ ಸೇರುತ್ತದೆ, ಹೊರಗೆ ಸುಳಿವೇ ಸಿಗುವುದಿಲ್ಲ. ಪ್ಯಾಡ್ ಸವೆದರೂ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ ನಿಜ. ಆದರೆ ಅದು ತಿಂಗಳುಗಟ್ಟಲೆ ನಿಧಾನಕ್ಕೆ ಆಗುವಂಥದ್ದು, ವಾರಕ್ಕೆ ಆಗುವುದಲ್ಲ.

ಇನ್ನು ತುಕ್ಕಿನ ವಿಷಯ. ನಮ್ಮ ಕಡೆ ಮಳೆಗಿಂತ ಉಪ್ಪೇ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸು ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಕರಾವಳಿಯಲ್ಲಿ ವರ್ಷದ ಎಷ್ಟು ರಾತ್ರಿ ಅಷ್ಟು ತೇವ ಇರುವುದಿಲ್ಲ ಹೇಳಿ? ಅಂದರೆ ಮಳೆ ಇಲ್ಲದ ಜನವರಿಯಲ್ಲೂ ನಿಮ್ಮ ಪೈಪ್ ಒದ್ದೆಯೇ. ಅದರ ಮೇಲೆ ಬಂಗಡೆ ಕ್ರೇಟಿನಿಂದ ಐಸ್ ಕರಗಿದ ನೀರು. ಹೆಚ್ಚಿನ ಗಾಡಿಗಳಲ್ಲಿ ಆ ನೀರು ಬಾಡಿಯ ಸಂದಿಯಿಂದ ಇಳಿದು ನೇರ ಹಿಂದಿನ ಆಕ್ಸಲ್ ಮೇಲೆ, ಅಲ್ಲಿರುವ ಪೈಪಿನ ಮೇಲೆ ಬೀಳುತ್ತದೆ.

ಕಣ್ಣಿಗೆ ಕಾಣುವ ಕೆಂಪು ತುಕ್ಕಿಗಿಂತ ಕ್ಲಿಪ್ ಅಡಿಯ ತುಕ್ಕು ಅಪಾಯ. ಚಾಸಿಗೆ ಪೈಪ್ ಹಿಡಿದಿಡುವ ಕ್ಲಿಪ್ ಇರುತ್ತದಲ್ಲ, ಅಲ್ಲಿ ಅಲುಗಾಡಿ ಅಲುಗಾಡಿ ಪೈಪಿನ ಲೇಪ ಸವೆದಿರುತ್ತದೆ. ಉಪ್ಪು ಮಣ್ಣು ಒಳಗೆ ಕೂರುತ್ತದೆ, ನೀರು ಹೊಡೆದರೂ ಹೋಗುವುದಿಲ್ಲ. ಕ್ಲಿಪ್ ತೆಗೆದು ಉಗುರಿನಲ್ಲಿ ಕೆರೆದು ನೋಡಿ. ಹಪ್ಪಳದ ಹಾಗೆ ಪದರ ಎದ್ದು ಬಂದರೆ ಆ ಪೈಪಿನ ಕಥೆ ಮುಗಿದಿದೆ. ಅದಕ್ಕೇ ತುಂಡು ಹಾಕಿಸಬೇಡಿ ಅನ್ನುವುದು. ಒಂದು ಕಡೆ ತೂತಾಗಿದೆ ಎಂದರೆ ಅದೇ ವಯಸ್ಸಿನ, ಅದೇ ನೀರು ಕುಡಿದ ಉಳಿದ ಪೈಪ್ ಗಟ್ಟಿ ಇರಲು ಹೇಗೆ ಸಾಧ್ಯ? ಅದೂ ಅಲ್ಲದೆ ದಿನನಿತ್ಯದ ಮೆದು ಬ್ರೇಕಿಗೆ ಅದು ತಡೆದುಕೊಳ್ಳುತ್ತದೆ. ಎದುರಿಗೆ ದನ ಬಂದು ನೀವು ಪೂರ್ತಿ ಜೋರಾಗಿ ತುಳಿದಾಗಲೇ ಒಡೆಯುವುದು. ಒತ್ತಡ ಜಾಸ್ತಿ ಆಗುವುದು ಆಗಲೇ ಅಲ್ವಾ?

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಅಲ್ಲಿಯ ಹಳೆಯ ಪಿಕಪ್‌ಗಳಿಗೂ ಇದೇ ಗತಿ. ಅಲ್ಲಿನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ 2015ರಲ್ಲಿ ಇಂಥದ್ದೊಂದು ತನಿಖೆ ಮುಗಿಸಿ ವಾಹನ ಮಾಲೀಕರಿಗೆ ಹೇಳಿದ್ದೂ ಇದನ್ನೇ: ಅಡಿಭಾಗ ತೊಳೆಯುತ್ತಿರಿ, ಪದರ ಏಳುವಷ್ಟು ತುಕ್ಕು ಕಂಡರೆ ಬ್ರೇಕ್ ಪೈಪ್‌ಗಳನ್ನು ಪೂರ್ತಿ ಬದಲಿಸಿ.

ಹೊಸ ಪೈಪ್ ಹಾಕಿಸುವಾಗ ಕಂಪನಿಯದ್ದೇ ಸಿಕ್ಕರೆ ಒಳ್ಳೆಯದು. ತಾಮ್ರ-ನಿಕಲ್ ಮಿಶ್ರಲೋಹದ ಪೈಪ್ ಸಿಕ್ಕರೆ ನಮ್ಮ ಹವೆಗೆ ಇನ್ನೂ ಒಳ್ಳೆಯದು, ಅದಕ್ಕೆ ಇಂಥ ತುಕ್ಕು ಹಿಡಿಯುವುದಿಲ್ಲ. ಫ್ರಿಜ್ ರಿಪೇರಿಗೆ ಬಳಸುವ ಬರೀ ತಾಮ್ರದ ಪೈಪ್ ಮಾತ್ರ ಬೇಡ, ಅಲುಗಾಟಕ್ಕೆ ಬಿರುಕು ಬಿಡುತ್ತದೆ. ತುದಿ ಅರಳಿಸುವಾಗ ಎರಡು ಮಡಿಕೆಯ ಫ್ಲೇರ್ ಬೇಕಾ, ಗುಂಡು ತಲೆಯದ್ದು ಬೇಕಾ ಅಂತ ಹಳೆಯ ಪೈಪ್ ನೋಡಿಯೇ ಮಾಡಬೇಕು. ರಬ್ಬರ್ ಹೋಸ್ ತೂರಿಸಿ ಕ್ಲ್ಯಾಂಪ್ ಬಿಗಿದು ಕೊಡುವವರೂ ಇದ್ದಾರೆ. ಅಂಥವರ ಹತ್ತಿರ ಸೈಕಲ್ ಕೂಡ ಬಿಡಬೇಡಿ.

ಚಕ್ರದ ಹತ್ತಿರದ ರಬ್ಬರ್ ಹೋಸ್‌ಗಳನ್ನೂ ಇದೇ ಸಮಯದಲ್ಲಿ ಬದಲಿಸಿಬಿಡಿ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಅದೂ ಸೀಲ್ ಒಡೆಯದ ಹೊಸ ಬಾಟಲಿಯಿಂದ. ಬ್ರೇಕ್ ಆಯಿಲ್ ಗಾಳಿಯ ನೀರು ಹೀರುತ್ತದೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿಗೆ. ನೀರು ಕುಡಿದದ್ದಕ್ಕೆ ಇರುವ ಮಿತಿ ಬರೀ 140. ಘಟ್ಟ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪ್ ಗಟ್ಟಿಯಿದ್ದೂ ಪೆಡಲ್ ನೆಲ ಮುಟ್ಟುತ್ತದೆ. ಏರ್ ತೆಗೆಯುವಾಗ ಹಿಂದಿನ ಆಕ್ಸಲ್ ಹತ್ತಿರ ಲೋಡ್ ವಾಲ್ವ್ (ಹೊರೆ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್) ಇದ್ದರೆ ಅದನ್ನು ಮರೆಯದಂತೆ ನೆನಪಿಸಿ.

ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಭಾಗಕ್ಕೆ ಸುಟ್ಟ ಇಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿದೆ. ಅದು ಹೋಸಿನ ರಬ್ಬರ್ ಊದಿಸುತ್ತದೆ, ಬಿಟ್ಟುಬಿಡಿ. ಬದಲಿಗೆ ಲೋಡ್ ಇಳಿಸಿದ ದಿನವೇ ಸಿಹಿನೀರಿನಲ್ಲಿ ಅಡಿ ತೊಳೆಯಿರಿ. ಅಳಿವೆಯ ಉಪ್ಪುನೀರಿನಲ್ಲಿ ತೊಳೆಯುವುದು ತೊಳೆಯದೇ ಇರುವುದಕ್ಕಿಂತ ಕೆಟ್ಟದ್ದು. ಮೀನಿನ ನೀರು ಆಕ್ಸಲ್ ಮೇಲೆ ಬೀಳದಂತೆ ಬಾಡಿಯ ಮೂಲೆಯಿಂದ ಹಿಂದಕ್ಕೆ ಒಂದು ಪೈಪ್ ಇಳಿಸಿ, ರಸ್ತೆಗೂ ಚೆಲ್ಲದಂತೆ ಅದಕ್ಕೊಂದು ಕ್ಯಾನ್ ಕಟ್ಟಿ.

ಮುಂದೆ ಬೇರೆ ಎಲ್ಲಾದರೂ ಪೈಪ್ ಒಡೆದರೆ ಹೆದರಿ ಇಂಜಿನ್ ಬಂದ್ ಮಾಡಬೇಡಿ, ಬೂಸ್ಟರ್ ಸಹಾಯವೂ ಹೋಗುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಲೈನ್ ಇರುತ್ತವೆ. ಒಂದು ಹೋದರೂ ಇನ್ನೊಂದು ಸ್ವಲ್ಪ ಹಿಡಿಯುತ್ತದೆ, ಪೆಡಲ್ ಮಾತ್ರ ತುಂಬಾ ಕೆಳಗೆ ಹೋಗುತ್ತದೆ. ಪಂಪ್ ಮಾಡುತ್ತಾ ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನಕ್ಕೆ ಎಳೆಯಿರಿ. ಅದು ಕೇಬಲ್ ಮೇಲೆ ನಡೆಯುವಂಥದ್ದು, ಆಯಿಲ್ ಅದಕ್ಕೆ ಬೇಡ.

ನಾಳಿನ ಲೋಡ್ ಏನು ಮಾಡಲಿ ಅಂತಲೂ ಕೇಳಿದ್ದೀರಿ. ಬಾಡಿಗೆಗೆ ಬೇರೆ ಗಾಡಿ ಹಿಡಿಯಿರಿ. ನಿಮ್ಮದನ್ನು ಗ್ಯಾರೇಜಿಗೆ ಟೋ ಮಾಡಿಸಿ, ಓಡಿಸಿಕೊಂಡು ಹೋಗಬೇಡಿ.