ಕ್ರಿಕೆಟ್ ಫೈನಲ್ ನೋಡಲು ಹೋಗಬೇಕು, ಕೊನೆ ಗಳಿಗೆಯ ವಿಮಾನ ದರ ಕೈಗೆ ಎಟುಕುತ್ತಿಲ್ಲ. ಏನು ಮಾಡಲಿ?

ನೀವು ಕೇಳಿದ್ದು ಇಷ್ಟು: ಕೆಲಸ ಪುಣೆಯಲ್ಲಿ. ನಿಮ್ಮ ತಂಡ ಫೈನಲ್‌ಗೆ ಬರುತ್ತೋ ಇಲ್ವೋ ಅಂತ ಗೊತ್ತಾಗುವುದೇ ಮೂರ್ನಾಲ್ಕು ದಿನ ಮುಂಚೆ. ಅಷ್ಟರಲ್ಲಿ ಅಹಮದಾಬಾದಿನ ವಿಮಾನ ದರ ಮೂರು ಪಟ್ಟು ಆಗಿರುತ್ತೆ. ಕಡಿಮೆ ಖರ್ಚಿನಲ್ಲಿ ಹೋಗಿ ಬರುವ ದಾರಿ ಇದೆಯಾ?

ನಾನು ಗದಗಿನವನು, ಹದಿನಾಲ್ಕು ವರ್ಷದಿಂದ ಮುಂಬೈನ ಗೋರೆಗಾಂವ್‌ನಲ್ಲಿದ್ದೇನೆ. 2025ರ ಐಪಿಎಲ್ ಫೈನಲ್‌ಗೆ ಹೋಗಿ ಬಂದೆ. ಇದೇ ಪ್ರಶ್ನೆಯನ್ನು ಆಗ ಆಫೀಸಿನಲ್ಲಿ ಕಂಡ ಕಂಡವರಿಗೆಲ್ಲ ಕೇಳಿದ್ದೆ. ಎಲ್ಲರೂ ಹೇಳಿದ್ದು ಒಂದೇ: "ಮೊದಲೇ ಬುಕ್ ಮಾಡಬೇಕಿತ್ತು."

ಮೊದಲೇ ಬುಕ್ ಮಾಡಿದ್ದೆ ಸ್ವಾಮಿ! ಆ ವರ್ಷ ಫೈನಲ್ ಮೇ 25ಕ್ಕೆ, ಕೋಲ್ಕತಾದ ಈಡನ್ ಗಾರ್ಡನ್ಸ್‌ನಲ್ಲಿ ಅಂತ ನಿಗದಿಯಾಗಿತ್ತು. ಆರ್‌ಸಿಬಿ ಚೆನ್ನಾಗಿ ಆಡುತ್ತಿತ್ತು. ಏಪ್ರಿಲ್‌ನಲ್ಲೇ ಧೈರ್ಯ ಮಾಡಿ ಕೋಲ್ಕತಾಗೆ ಹೋಗಿ ಬರುವ ಟಿಕೆಟ್ ತೆಗೆದೆ, ಇದ್ದುದರಲ್ಲೇ ಅಗ್ಗದ್ದು. ಹೆಂಡತಿ ಮುಂದೆ ಒಂದು ವಾರ ಬೀಗಿದ್ದೇ ಬೀಗಿದ್ದು. ಮೇ 9ಕ್ಕೆ ಭಾರತ–ಪಾಕಿಸ್ತಾನ ಸಂಘರ್ಷದಿಂದ ಟೂರ್ನಿ ನಿಂತಿತು. ಮತ್ತೆ ಶುರುವಾಗಿದ್ದು 17ಕ್ಕೆ. ಫೈನಲ್ ಜೂನ್ 3ಕ್ಕೆ ಹೋಯಿತು, ಜಾಗವೂ ಅಹಮದಾಬಾದಿಗೆ ಬದಲಾಯಿತು. ಆದರೆ ನಾನು ಬುಕ್ ಮಾಡಿದ ವಿಮಾನ ರದ್ದಾಗಿರಲಿಲ್ಲ. ಅದು ಹೊರಡುತ್ತೆ, ನಾನು ಹೋಗಲ್ಲ ಅಷ್ಟೇ. ಹಾಗಾಗಿ ಪೂರ್ತಿ ಹಣ ಕೇಳುವ ಹಾಗೇ ಇಲ್ಲ. ಕ್ಯಾನ್ಸಲ್ ಮಾಡಿದಾಗ ಕೈಗೆ ಬಂದದ್ದು ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಮಾತ್ರ. (ಇದನ್ನು ನೀವೂ ನೆನಪಿಡಿ. ನಾನ್-ರಿಫಂಡಬಲ್ ಟಿಕೆಟ್ ಆದರೂ ಆ ಎರಡು ಹಣ ವಾಪಸ್ ಬರಬೇಕು, ನಿಯಮ ಇದೆ. ಎಷ್ಟೋ ಜನ ಹೇಗೂ ಹೋಯಿತು ಅಂತ ಕ್ಯಾನ್ಸಲ್ಲೇ ಮಾಡುವುದಿಲ್ಲ.)

ಆಮೇಲೆ ಮೇ 29, ಗುರುವಾರ. ಮುಲ್ಲನಪುರದಲ್ಲಿ ಆರ್‌ಸಿಬಿ ಪಂಜಾಬನ್ನು 101ಕ್ಕೆ ಆಲೌಟ್ ಮಾಡಿ ಹತ್ತೇ ಓವರಿನಲ್ಲಿ ಗೆದ್ದು ಫೈನಲ್ ಸೇರಿತು. ನಾನು ಟಿವಿ ಮುಂದೆ ಕುಣಿದು, ನೀರು ಕುಡಿದು, ಫೋನ್ ತೆಗೆಯುವ ಹೊತ್ತಿಗೆ ಮುಂಬೈ–ಅಹಮದಾಬಾದ್ ಹೋಗಿ ಬರೋಕೆ ತಲೆಗೆ 26 ಸಾವಿರ ತೋರಿಸುತ್ತಿತ್ತು. ಒಂದು ಗಂಟೆಯ ಹಾರಾಟಕ್ಕೆ!

ಇಷ್ಟು ಬೇಗ ಯಾಕೆ ಏರುತ್ತೆ ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಒಂದೇ ವಿಮಾನದ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ಹಂಚಿಟ್ಟಿರುತ್ತಾರೆ. ಅಗ್ಗದ ಗುಂಪು ಖಾಲಿಯಾದರೆ ಮುಂದಿನ ಗುಂಪು, ಅದೂ ಖಾಲಿಯಾದರೆ ಇನ್ನೂ ಮೇಲಿನದು. ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ (ನಿಮ್ಮ ಹಳೆಯ ಹುಡುಕಾಟ ತಿಳಿಯದ ಹಾಗೆ) ಹುಡುಕಿ, ಫೋನ್ ಬದಲಾಯಿಸಿ ಅಂತೆಲ್ಲ ಹೇಳುತ್ತಾರಲ್ಲ, ನನಗಂತೂ ಅದರಿಂದ ಒಂದು ರೂಪಾಯಿ ಉಳಿದಿಲ್ಲ. ಉಳಿದದ್ದು ಇದರಿಂದ: ನಾನು, ಭಾವ, ಒಬ್ಬ ಗೆಳೆಯ, ಒಟ್ಟು ಮೂವರಿದ್ದೆವು. ಮೂರು ಸೀಟು ಅಂತ ಹುಡುಕಿದಾಗ ಒಂದೊಂದಕ್ಕೆ 9,800. ಒಂದು ಸೀಟು ಅಂತ ಹುಡುಕಿದಾಗ 7,400. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದಾಗ ಮೂರು ಕೇಳಿದರೆ, ಮೂವರನ್ನೂ ಮೇಲಿನ ಗುಂಪಿಗೆ ಎತ್ತಿಬಿಡುತ್ತಾರೆ. ಆದ್ದರಿಂದ ಯಾವಾಗಲೂ ಒಬ್ಬೊಬ್ಬರಾಗಿ ಹುಡುಕಿ. ಅಕ್ಕಪಕ್ಕ ಕೂರದಿದ್ದರೆ ಒಂದು ಗಂಟೆಯಲ್ಲಿ ಏನೂ ಆಗಲ್ಲ.

ಸರ್ಕಾರ ದರಕ್ಕೆ ಕಡಿವಾಣ ಹಾಕುವುದಿಲ್ವಾ ಅಂತಲೂ ಕೇಳಿದ್ದೀರಿ. ಕೋವಿಡ್ ಕಾಲದಲ್ಲಿ, 2020ರ ಮೇನಿಂದ 2022ರ ಆಗಸ್ಟ್‌ವರೆಗೆ ಮಿತಿ ಇತ್ತು. 2025ರ ಡಿಸೆಂಬರ್‌ನಲ್ಲಿ ಸಾಲು ಸಾಲು ವಿಮಾನಗಳು ರದ್ದಾದಾಗ ಮತ್ತೆ ಹಾಕಿದ್ದರು. ಕ್ರಿಕೆಟ್‌ಗೋಸ್ಕರ ಯಾರೂ ಹಾಕಲ್ಲ, ಬಿಡಿ.

ಈಗ ನಾನು ಮಾಡಿದ್ದು. ಮುಂಬೈ–ಅಹಮದಾಬಾದ್ ರೈಲಿನಲ್ಲಿ ಸುಮಾರು 490 ಕಿಲೋಮೀಟರ್. ಬೆಳಿಗ್ಗೆ ಶತಾಬ್ದಿ ಹತ್ತಿದರೆ ಮಧ್ಯಾಹ್ನ ಒಂದರೊಳಗೆ ಅಹಮದಾಬಾದ್. ಮ್ಯಾಚ್ ಇರುವುದು ಸಂಜೆ ಏಳೂವರೆಗೆ. ಹಿಂದಿನ ದಿನವೇ ಹೋಗಿ ಹೋಟೆಲಿಗೆ ದುಡ್ಡು ಸುರಿಯುವ ಅಗತ್ಯ ಏನಿದೆ? ಹೋಗುವುದಕ್ಕೆ ವಿಮಾನವೇ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ರಿಸರ್ವೇಷನ್ ಸಿಗುವ ಮಾತೇ ಇರಲಿಲ್ಲ, ಹಾಗಾಗಿ ತತ್ಕಾಲ್. ಎಸಿಗೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ನಾನ್-ಎಸಿಗೆ 11ಕ್ಕೆ ತೆರೆಯುತ್ತೆ. ಇಲ್ಲಿ ನನಗೆ ಅದೃಷ್ಟವೂ ಕೈಹಿಡಿಯಿತು. ಜೂನ್ 1ರ ಭಾನುವಾರ ಮುಂಬೈ–ಪಂಜಾಬ್ ನಡುವೆ ಎರಡನೇ ಕ್ವಾಲಿಫೈಯರ್, ಅಂದರೆ ಫೈನಲ್‌ನ ಇನ್ನೊಂದು ತಂಡ ಯಾವುದು ಅಂತ ತೀರ್ಮಾನಿಸುವ ಪಂದ್ಯ. ಮುಂಬೈ ಗೆದ್ದಿದ್ದರೆ ಇಡೀ ಮುಂಬೈ ಅಹಮದಾಬಾದಿಗೆ ಹೊರಡುತ್ತಿತ್ತು. ಮಳೆಯಿಂದ ತಡವಾಗಿ ಶುರುವಾದ ಆ ಮ್ಯಾಚ್ ಮಧ್ಯರಾತ್ರಿ ದಾಟಿ ಮುಗಿಯಿತು, ಶ್ರೇಯಸ್ ಅಯ್ಯರ್ ಔಟಾಗದೆ 87 ಹೊಡೆದು ಪಂಜಾಬನ್ನು ಗೆಲ್ಲಿಸಿದರು. ನಮ್ಮ ಬಿಲ್ಡಿಂಗ್ ಪೂರ್ತಿ ಮೌನ. ನಾನೊಬ್ಬ ಬಾಲ್ಕನಿಯಲ್ಲಿ ನಿಂತು ಒಳಗೊಳಗೇ ನಗುತ್ತಿದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ವಿಮಾನದ ದರವೂ ಒಂದೂವರೆ ಸಾವಿರ ಇಳಿದಿತ್ತು, ಸಂಜೆಗೆ ಮತ್ತೆ ಏರಿತು. ನಿಮ್ಮೂರಿನ ತಂಡ ಸೋತ ಮರುದಿನ ಬೆಳಿಗ್ಗೆ ಒಮ್ಮೆ ಖಂಡಿತ ನೋಡಿ. ಗೆಲ್ಲುತ್ತೆ ಅಂತ ಮೊದಲೇ ಟಿಕೆಟ್ ತೆಗೆದವರು ಕ್ಯಾನ್ಸಲ್ ಮಾಡುವ ಹೊತ್ತು ಅದು.

ಸೋಮವಾರ 10ಕ್ಕೆ ಮೂವರೂ ಮೂರು ಫೋನ್ ಹಿಡಿದು ಕೂತೆವು. ನನ್ನದು ಹಣ ಕಟ್ಟುವಲ್ಲಿ ಸಿಕ್ಕಿಕೊಂಡಿತು. ಭಾವನದು ಲಾಗಿನ್ನೇ ಆಗಲಿಲ್ಲ. ಗೆಳೆಯನ ಫೋನಿನಲ್ಲಿ ಮೂರು ಸೀಟು ಸಿಕ್ಕಿತು, ತಲೆಗೆ 1,300ರ ಆಸುಪಾಸು. ಈಗ ತತ್ಕಾಲ್‌ಗೆ ನಿಮ್ಮ ಐಆರ್‌ಸಿಟಿಸಿ (ರೈಲು ಟಿಕೆಟ್ ಬುಕ್ ಮಾಡುವ ತಾಣ) ಖಾತೆಯಲ್ಲಿ ಆಧಾರ್ ಪರಿಶೀಲನೆ ಆಗಿರಲೇಬೇಕು, 2025ರ ಜುಲೈ 1ರಿಂದ ಕಡ್ಡಾಯ. ಇದನ್ನು ಇವತ್ತೇ ಮಾಡಿಟ್ಟುಕೊಳ್ಳಿ, ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಅಲ್ಲ. ತತ್ಕಾಲ್ ತಪ್ಪಿದರೂ ಚಾರ್ಟ್ (ಪ್ರಯಾಣಿಕರ ಪಟ್ಟಿ) ಆದ ಮೇಲೆ ಉಳಿದ ಸೀಟು ಕರೆಂಟ್ ಬುಕಿಂಗ್‌ನಲ್ಲಿ, ಅಂದರೆ ರೈಲು ಹೊರಡುವ ಮುಂಚಿನ ಕೊನೆಯ ಬುಕಿಂಗ್‌ನಲ್ಲಿ ಬರುತ್ತೆ, ಕಣ್ಣಿಟ್ಟಿರಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ಗೆ ಮುಂಬೈಯಿಂದ ವಿಶೇಷ ರೈಲುಗಳನ್ನೂ ಬಿಟ್ಟಿದ್ದರು. ಇಂಥ ರೈಲನ್ನು ಒಂದೆರಡು ದಿನ ಮುಂಚೆ ಘೋಷಿಸುತ್ತಾರೆ, ಸುದ್ದಿ ನೋಡುತ್ತಿರಬೇಕು.

ರೈಲಿನಲ್ಲಿ ಏನೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಬ್ಯಾಗಿಂದ. ಸ್ಟೇಡಿಯಂ ಒಳಗೆ ಬ್ಯಾಗ್ ಬಿಡುವುದಿಲ್ಲ, ಪವರ್ ಬ್ಯಾಂಕ್ ಬಿಡುವುದಿಲ್ಲ. ಹೋಟೆಲ್ ಮಾಡದವನು ಬ್ಯಾಗನ್ನು ಎಲ್ಲಿಡಬೇಕು? ಸ್ಟೇಷನ್ನಿನ ಕ್ಲೋಕ್ ರೂಮ್ ಇದೆಯಲ್ಲ ಅಂದುಕೊಂಡು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಒಳಗಿದ್ದವರು ಬ್ಯಾಗಿನ ಜಿಪ್ ನೋಡಿದರು, ನನ್ನ ಮುಖ ನೋಡಿದರು, "ತಾಲಾ?" ಅಂದರು. ಬೀಗ ಹಾಕದ ಬ್ಯಾಗ್ ಇಟ್ಟುಕೊಳ್ಳುವುದಿಲ್ಲವಂತೆ. ಹೊರಗೆ ಓಡಿ, ಗೋಡೆ ಪಕ್ಕ ಚೈನು ಬೀಗ ಮಾರುವವನ ಹತ್ತಿರ 60 ರೂಪಾಯಿಗೆ ಒಂದು ಹಿತ್ತಾಳೆ ಬೀಗ ತಂದೆ. ನನ್ನ ಹಿಂದೆ ಇನ್ನೂ ನಾಲ್ಕು ಕೆಂಪು ಜೆರ್ಸಿಗಳು ಅದೇ ಬೀಗಕ್ಕೆ ಓಡಿ ಬಂದವು, ಎರಡು ಹುಬ್ಬಳ್ಳಿಯವು. ಕ್ಷಣದಲ್ಲಿ ಬೀಗದ ಬೆಲೆ 100 ಆಯಿತು. ವಿಮಾನದವರನ್ನು ಸುಮ್ನೆ ಬೈಯುತ್ತೇವೆ! ನೀವು ಮನೆಯಿಂದಲೇ ಒಂದು ಬೀಗ ತನ್ನಿ. ಅಲ್ಲಿಂದ ರೈಲ್ವೆ ಸ್ಟೇಷನ್ ಪಕ್ಕದ ಕಾಲುಪುರದಲ್ಲಿ ಮೆಟ್ರೋ ಹತ್ತಿ, ಓಲ್ಡ್ ಹೈಕೋರ್ಟ್‌ನಲ್ಲಿ ಬದಲಾಯಿಸಿದರೆ ಮೊಟೇರಾ ಸ್ಟೇಡಿಯಂ. ಮ್ಯಾಚ್ ಇರುವ ರಾತ್ರಿ ಮೆಟ್ರೋ ತಡವಾಗಿಯೂ ಓಡುತ್ತೆ.

ಮ್ಯಾಚ್ ಬಗ್ಗೆ ಬರೆದರೆ ಉತ್ತರ ಮುಗಿಯುವುದಿಲ್ಲ. 190 ಹೊಡೆದು 6 ರನ್ನಿನಿಂದ ಗೆದ್ದೆವು. ಹದಿನೆಂಟನೇ ಸೀಸನ್ನಿನಲ್ಲಿ ಕೊನೆಗೂ ಕಪ್ ನಮ್ದೇ ಆಯಿತು.

ನಿಜವಾಗಿ ದುಡ್ಡು ಹೋಗುವುದು ವಾಪಸ್ ಬರುವಾಗ. ಹೋಗುವವರು ಎರಡು ಮೂರು ದಿನಗಳಲ್ಲಿ ಹಂಚಿ ಹೋಗುತ್ತಾರೆ. ಬರುವವರೆಲ್ಲ ಒಂದೇ ಬೆಳಿಗ್ಗೆ ಬರುತ್ತಾರೆ. ಲಕ್ಷ ಜನ ಕೂರುವ ಸ್ಟೇಡಿಯಂ ಅದು, ಲೆಕ್ಕ ಹಾಕಿ. ಅದರ ಮೇಲೆ ಮಳೆಯ ಭಯ. 2023ರ ಐಪಿಎಲ್ ಫೈನಲ್ ಇದೇ ಊರಿನಲ್ಲಿ ಮೇ 28ಕ್ಕೆ ಇತ್ತು. ಮಳೆ ಬಂದು ಮೀಸಲು ದಿನ 29ಕ್ಕೆ ಹೋಯಿತು, ಮುಗಿಯುವಷ್ಟರಲ್ಲಿ 30ನೇ ತಾರೀಖು ಬಂದಿತ್ತು. ಚೆನ್ನೈ ತಂಡದ ಹಳದಿ ಜೆರ್ಸಿ ಹಾಕಿದವರು ರೈಲ್ವೆ ಸ್ಟೇಷನ್ನಿನಲ್ಲಿ ನೆಲದ ಮೇಲೆ ಮಲಗಿದ್ದ ಫೋಟೋ ನೀವೂ ನೋಡಿರಬಹುದು. 29ರ ಬೆಳಿಗ್ಗೆಗೆ ದುಬಾರಿ ವಾಪಸ್ ಟಿಕೆಟ್ ತೆಗೆದಿಟ್ಟವರ ಗತಿ ಯೋಚಿಸಿ. ಆದ್ದರಿಂದ ಹೋಗಿ ಬರುವುದನ್ನು ಒಟ್ಟಿಗೆ ಬುಕ್ ಮಾಡಬೇಡಿ. ಮರುದಿನ ಬೆಳಿಗ್ಗೆಯ ವಿಮಾನವನ್ನಂತೂ ಬಿಟ್ಟೇಬಿಡಿ.

ನಾವು ಬಂದದ್ದು ವಡೋದರಾದಿಂದ. ಅಹಮದಾಬಾದಿನಿಂದ ಸುಮಾರು 110 ಕಿಲೋಮೀಟರ್, ಎಕ್ಸ್‌ಪ್ರೆಸ್‌ವೇ ಇದೆ, ಅಲ್ಲೂ ವಿಮಾನ ನಿಲ್ದಾಣ ಇದೆ. ಸರ್ಚ್‌ನಲ್ಲಿ ಅಹಮದಾಬಾದ್ ಅಂತ ಹಾಕಿದರೆ ಅದು ಕಾಣಿಸುವುದಿಲ್ಲ, ಅದಕ್ಕೇ ಅಲ್ಲಿನ ದರ ಅಷ್ಟು ಏರಿರಲಿಲ್ಲ. ಒಬ್ಬೊಬ್ಬರಾಗಿ ಬುಕ್ ಮಾಡಿ ತಲೆಗೆ 4,200 ಬಿತ್ತು. ಮ್ಯಾಚ್ ಮುಗಿಸಿ, ಬ್ಯಾಗ್ ಬಿಡಿಸಿಕೊಂಡು, ಗೀತಾ ಮಂದಿರ ಬಸ್ ಸ್ಟ್ಯಾಂಡಿಗೆ ಹೋಗಿ, ಗುಜರಾತ್ ಸಾರಿಗೆ ಬಸ್ಸು ಹತ್ತಿ ನಿದ್ದೆ ಹೋದೆವು. ವಡೋದರಾದಲ್ಲಿ ಇಳಿದಾಗ ಇನ್ನೂ ಕತ್ತಲೆ. ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು, ಚಹಾ ಕುಡಿದು, ಮಧ್ಯಾಹ್ನದ ವಿಮಾನಕ್ಕೆ ಕಾದೆವು. ಸುಖದ ಪ್ರಯಾಣ ಅಂತ ಹೇಳಲ್ಲ, ಭಾವನಿಗೆ ಎರಡು ದಿನ ಸೊಂಟ ನೋವು. ಆದರೆ 26 ಸಾವಿರದ ಜಾಗದಲ್ಲಿ ಊಟ, ಬೀಗ ಎಲ್ಲ ಸೇರಿ 7 ಸಾವಿರ ದಾಟಲಿಲ್ಲ.

ಈ ಪಕ್ಕದ ಊರಿನ ಉಪಾಯ ಬೇರೆ ಕಡೆಗೂ ನಡೆಯುತ್ತೆ. ದೆಹಲಿ ಮ್ಯಾಚ್‌ಗೆ ಗಾಜಿಯಾಬಾದಿನ ಹಿಂಡನ್ ನೋಡಿ, ಕೋಲ್ಕತಾಗೆ ದುರ್ಗಾಪುರ. ಹೊರಡುವ ಕಡೆಯೂ ಅಷ್ಟೇ. ಗೋವಾದಲ್ಲಿ ದಾಬೋಲಿಂ, ಮೋಪಾ ಎರಡಿವೆ, ಕೋಡ್ ಬೇರೆ ಬೇರೆ. ಮುಂಬೈಗೂ ಈಗ ನವಿ ಮುಂಬೈ ನಿಲ್ದಾಣ ಸೇರಿದೆ, ಪುಣೆಯಿಂದ ಬರುವವರಿಗೆ ಅದು ಅಂಧೇರಿಯ ಹಳೆಯ ನಿಲ್ದಾಣಕ್ಕಿಂತ ಹತ್ತಿರ. ಎರಡನ್ನೂ ಹಾಕಿ ಹುಡುಕಿ. ಬೆಂಗಳೂರಿನ ಮ್ಯಾಚ್ ಆದರೆ ರಾತ್ರಿ ಬಸ್ಸು ಇದ್ದೇ ಇದೆ, ಅದನ್ನು ನಾನು ಹೇಳಬೇಕಾ!

ನೀವು ಪುಣೆಯವರಾದ್ದರಿಂದ ಒಂದು ಮಾತು. ಪುಣೆ–ಅಹಮದಾಬಾದ್ ದುರಂತೋ ರೈಲು ವಾರಕ್ಕೆ ಮೂರೇ ದಿನ. ನಿಮ್ಮ ದಿನಕ್ಕೆ ಹೊಂದಿದರೆ ಮೊದಲು ಅದನ್ನೇ ನೋಡಿ. ಇಲ್ಲದಿದ್ದರೆ ಹಿಂದಿನ ರಾತ್ರಿ ಬೊರಿವಲಿಗೆ ಬಸ್ಸಿನಲ್ಲಿ ಬಂದುಬಿಡಿ. ಶತಾಬ್ದಿ ಅಲ್ಲೂ ನಿಲ್ಲುತ್ತೆ, ಮುಂಬೈ ಸೆಂಟ್ರಲ್‌ಗೆ ಹೋಗಬೇಕಿಲ್ಲ. ಪುಣೆಯಿಂದ ನೇರ ಸ್ಲೀಪರ್ ಬಸ್ಸುಗಳೂ ಇವೆ, ಆದರೆ ಹನ್ನೊಂದು ಹನ್ನೆರಡು ಗಂಟೆ ಬಸ್ಸಿನಲ್ಲಿದ್ದು ಆಮೇಲೆ ಮ್ಯಾಚ್ ಅಂದರೆ ನನ್ನಿಂದ ಆಗಲ್ಲ. ನಿಮ್ಮ ವಯಸ್ಸು ಎಷ್ಟೋ.

ವಿಮಾನವೇ ಬೇಕು ಅಂತಿದ್ದರೆ ಬ್ಯಾಗನ್ನು 7 ಕಿಲೋದೊಳಗೆ ಇಟ್ಟುಕೊಳ್ಳಿ, ಸೀಟಿಗೆ ಬೇರೆ ದುಡ್ಡು ಕೊಡಬೇಡಿ, ಹಣ ಕಟ್ಟುವ ಕೊನೆಯ ಪುಟದಲ್ಲಿ ಸೇರುವ ಕನ್ವೀನಿಯನ್ಸ್ ಫೀ ನೋಡಿಯೇ ಹೋಲಿಸಿ. ಬುಕ್ ಮಾಡಿ ಆಮೇಲೆ ಪುಕ್ಕಟೆ ಕ್ಯಾನ್ಸಲ್ ಮಾಡಬಹುದು ಅಂತ ಯಾರೋ ಹೇಳಿದ್ದಾರೆ ಅಂದಿರಲ್ಲ, ಹೊರಡಲು 7 ದಿನಕ್ಕಿಂತ ಕಡಿಮೆ ಇದ್ದರೆ ಆ ಸೌಲಭ್ಯ ಸಿಗುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ "ನಾನು ಹೋಗುತ್ತಿಲ್ಲ, ನನ್ನ ವಿಮಾನ ಟಿಕೆಟ್ ತಗೊಳ್ಳಿ" ಅನ್ನುವವರಿಗೆ ದುಡ್ಡು ಕಳಿಸಬೇಡಿ. ಒಬ್ಬರ ಹೆಸರಿನ ಟಿಕೆಟ್ ಇನ್ನೊಬ್ಬರಿಗೆ ಬದಲಾಗುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಮ್ಯಾಚಿನ ಟಿಕೆಟ್ ನಿಮ್ಮ ಕೈಯಲ್ಲಿದೆಯಾ? ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ಫೋನಿನಲ್ಲಿ ತೋರಿಸಿದರೆ ಸಾಕಾ, ಕೌಂಟರಿಗೆ ಹೋಗಿ ಕಾಗದದ ಟಿಕೆಟ್ ತಗೊಳ್ಳಬೇಕಾ ಅನ್ನುವುದನ್ನೂ ನೋಡಿಕೊಳ್ಳಿ. ಕೌಂಟರ್ ಆದರೆ ಮಧ್ಯಾಹ್ನ ಒಂದಕ್ಕೆ ಇಳಿದು ಕ್ಲೋಕ್ ರೂಮಿನ ಸಾಲು, ಟಿಕೆಟಿನ ಸಾಲು, ಗೇಟಿನ ಸಾಲು ಮೂರೂ ನಿಲ್ಲಬೇಕು. ಹಾಗಿದ್ದರೆ ಶತಾಬ್ದಿ ಬೇಡ, ರಾತ್ರಿಯ ಗುಜರಾತ್ ಮೇಲ್ ರೈಲು ಹಿಡಿಯಿರಿ. ಬೆಳಿಗ್ಗೆಯೇ ಅಲ್ಲಿರುತ್ತೀರಿ.