ಮನೆಗೆ ನೀರು ನುಗ್ಗಿದ ಮೇಲೆ ಯಾವ ಯಂತ್ರ ಕೊಳ್ಳಬೇಕು, ಯಾವುದು ಬೇಡ

ಅಣ್ಣ, ನಿಮ್ಮ ಮೆಸೇಜ್ ನೋಡಿದೆ. ಗಂಗಾವಳಿ ದಂಡೆಯ ಮನೆ, ಒಂದು ರಾತ್ರಿ ಮೊಣಕಾಲು ಮಟ್ಟ ನೀರು ನಿಂತಿತ್ತು, ಈಗ ಇಳಿದು ನಾಲ್ಕು ದಿನ. ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಹಸಿಯಾಗಿದೆ, ಅಡಿಕೆ ಇಟ್ಟ ಕೋಣೆಯಲ್ಲಿ ಮುಗ್ಗಲು ವಾಸನೆ. ನಿಮ್ಮ ಭಾವ 60 ಸಾವಿರದ ದೊಡ್ಡ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಬುಕ್ ಮಾಡಿ ಅಂತಿದ್ದಾರೆ, ಮಾಡಲೋ ಬೇಡವೋ ಅಂತ ಕೇಳಿದ್ದೀರಿ. ಅದರ ಕೆಳಗೆ ಮುಧೋಳದವರೊಬ್ಬರು ತಮಗೂ ಅದೇ ಬೇಕಾ ಅಂತ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿಯೇ ಬರೆಯುತ್ತೇನೆ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಜೊತೆಗೆ ಸ್ವಲ್ಪ ತೋಟ. ಮಳೆಗಾಲ ಬಂತು ಅಂದರೆ ನೀರು ಕುಡಿದ ಮೋಟಾರುಗಳದ್ದೇ ಸಾಲು.

ಈಗಲೇ ಬುಕ್ ಮಾಡಬೇಡಿ. ಯಂತ್ರ ಕೆಟ್ಟದ್ದು ಅಂತಲ್ಲ. ನಿಮ್ಮ ಮನೆ ಹಂಚಿನದ್ದೋ ತಾರಸಿಯದ್ದೋ ನೀವು ಹೇಳಿಲ್ಲ, ಎಲ್ಲ ನಿಂತಿರುವುದು ಅದರ ಮೇಲೆ.

ಆ ಯಂತ್ರ ಮಾಡುವುದು ಇಷ್ಟೇ. ಕೋಣೆಯ ಗಾಳಿ ಎಳೆದು ತಣ್ಣನೆಯ ಕಾಯಿಲ್ ಮೇಲೆ ಹಾಯಿಸುತ್ತದೆ, ಗಾಳಿಯಲ್ಲಿದ್ದ ನೀರು ಹನಿಯಾಗಿ ತೊಟ್ಟಿಗೆ ಬೀಳುತ್ತದೆ. ಒಣಗಿದ ಗಾಳಿ ಗೋಡೆಯಿಂದ ಮತ್ತೆ ಪಸೆ ಎಳೆದುಕೊಳ್ಳುತ್ತದೆ. ಕೋಣೆ ಮುಚ್ಚಿದ್ದರೆ ಮಾತ್ರ ಈ ಆಟ ನಡೆಯುವುದು. ಹಂಚಿನ ಮನೆಯಲ್ಲಿ ಸಂದಿ ಸಂದಿಯಿಂದ ಮಳೆಗಾಲದ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಯಂತ್ರ ದಿನವಿಡೀ ಓಡುತ್ತದೆ, ತೊಟ್ಟಿ ತುಂಬುತ್ತದೆ, ನೋಡಿದವರಿಗೆ ಖುಷಿಯೂ ಆಗುತ್ತದೆ. ಆದರೆ ಆ ನೀರು ನಿಮ್ಮ ಗೋಡೆಯದ್ದಲ್ಲ, ಊರಿನ ಗಾಳಿಯದ್ದು.

ತಾರಸಿ ಕೋಣೆ, ಅಥವಾ ಗಟ್ಟಿ ಮುಚ್ಚಿಗೆ ಇರುವ ಕೋಣೆಯಾದರೆ ಲೆಕ್ಕ ಬೇರೆ. ಕರಾವಳಿಯ ಮಳೆಗಾಲಕ್ಕೆ ಈ ಯಂತ್ರ ನಿಜಕ್ಕೂ ಹೊಂದುತ್ತದೆ, ಯಾಕೆಂದರೆ ಹೊರಗೆ ಬಿಸಿಲಿಲ್ಲ, ಕಿಟಕಿ ತೆಗೆದರೆ ಒಳಗೆ ಬರುವುದು ಇನ್ನಷ್ಟು ಹಸಿ ಗಾಳಿ. ಹಂಚಿನ ಮನೆಯಲ್ಲೂ ಒಂದು ಉಪಾಯ ಉಂಟು. ಅಡಿಕೆಗೆ ಹೊದೆಸುವ ಟಾರ್ಪಾಲನ್ನೇ ಗೋಡೆಯಿಂದ ಮೂರ್ನಾಲ್ಕು ಅಡಿ ದೂರಕ್ಕೆ ಇಳಿಬಿಟ್ಟು, ಮೇಲೂ ಮುಚ್ಚಿ, ಬುಡಕ್ಕೆ ಮರಳಿನ ಚೀಲ ಇಟ್ಟು ಡೇರೆ ಮಾಡಿ. ಯಂತ್ರವನ್ನು ಅದರೊಳಗೆ ಇಡಿ. ಒಂದು ಗೋಡೆ ಒಣಗಿದ ಮೇಲೆ ಮುಂದಿನ ಗೋಡೆ. ನಿಧಾನ, ಆದರೆ ಕೆಲಸ ಆಗುತ್ತದೆ.

ಮುಧೋಳದವರೇ, ನಿಮಗೆ ಇದು ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಉಕ್ಕಿದಾಗ ನಿಮ್ಮ ಕಡೆ ನೀರು ಬಹುಪಾಲು ಬಂದದ್ದು ಮೇಲಿನ ಘಟ್ಟದಿಂದ. ನೀರು ಇಳಿದ ಮೇಲೆ ನಿಮ್ಮಲ್ಲಿ ಬಿಸಿಲು, ಗಾಳಿ ಎರಡೂ ಸಿಗುತ್ತದೆ. ಕಿಟಕಿ ಬಾಗಿಲು ತೆರೆದು ನಾಲ್ಕು ಫ್ಯಾನ್ ಹಾಕಿ, ಸಾಕು. ಒಂದು ವಿಷಯ ಮಾತ್ರ ಗಮನಿಸಿ: ಮಣ್ಣಿನ ಗೋಡೆಯಾದರೆ ಒಣಗುವಾಗಲೂ ಕುಸಿಯಬಹುದು. ಬುಡ ಉಬ್ಬಿದ, ಉದ್ದಕ್ಕೆ ಬಿರುಕು ಬಿಟ್ಟ ಗೋಡೆಯ ಪಕ್ಕ ಯಾರೂ ಮಲಗಬಾರದು.

ಹಾಗಾದರೆ ಮೊದಲು ಏನು ಕೊಳ್ಳಬೇಕು? ಹೈಗ್ರೋಮೀಟರ್. ಗಾಳಿಯ ತೇವ ತೋರಿಸುವ ಸಣ್ಣ ಡಬ್ಬಿ, ಐನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಎರಡು ತಗೊಳ್ಳಿ, ಒಂದು ಒಳಗೆ, ಒಂದು ಹೊರಗೆ ಮಳೆ ತಾಗದ ಜಗಲಿಯಲ್ಲಿ. ಒಳಗೂ ಹೊರಗೂ ಸೆಕೆ ಒಂದೇ ಇದ್ದರೆ ಲೆಕ್ಕ ಸುಲಭ: ಹೊರಗೆ ಶೇ 65, ಒಳಗೆ ಶೇ 85 ಇದ್ದರೆ ಕಿಟಕಿ ತೆಗೆಯಿರಿ. ಹೊರಗೆ 92, ಒಳಗೆ 85 ಇದ್ದರೆ ಮುಚ್ಚಿ. "ಗಾಳಿ ಆಡಲಿ" ಅಂತ ಹಗಲೂ ರಾತ್ರಿ ತೆರೆದಿಡುವುದು ನಮ್ಮ ಕಡೆ ಜುಲೈನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಪಿನ್ ಇರುವ ಮಾಯಿಶ್ಚರ್ ಮೀಟರ್. ಎರಡು ಮೂರು ಸಾವಿರದೊಳಗಿನದ್ದು ಸಾಕು. ಮರಕ್ಕೆ ಅದು ಸರಿಯಾದ ಅಂಕಿ ಕೊಡುತ್ತದೆ. ಗೋಡೆಗೆ ಅದರ ಅಂಕಿಯನ್ನೇ ನಂಬಬೇಡಿ, ಹೋಲಿಸಿ ನೋಡಿ. ನೀರು ತಾಗದ ಜಾಗದಲ್ಲಿ, ಅಂದರೆ ಅದೇ ಗೋಡೆಯ ಆರಡಿ ಎತ್ತರದಲ್ಲಿ ಚುಚ್ಚಿ ಬರೆದಿಡಿ. ಕೆಳಗಿನದ್ದು ಅದರ ಹತ್ತಿರ ಬಂದಾಗ ಒಣಗಿತು ಅಂತ ಅರ್ಥ. ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿದ್ದರೆ ಮೀಟರ್ ಸುಮ್ನೆ ಜಾಸ್ತಿ ತೋರಿಸುತ್ತದೆ, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು ಮತ್ತೆ ನೋಡಿ. ಕಾಳುಮೆಣಸಿಗೆ ಇಟ್ಟ ಮೀಟರ್ ಇದೆಯಲ್ಲ ಅಂತ ಕೇಳಬೇಡಿ, ಅದು ಈ ಕೆಲಸಕ್ಕಲ್ಲ.

ನೆಲಕ್ಕೆ ಮೀಟರೂ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. 16 ಗಂಟೆ ಬಿಟ್ಟು ಎತ್ತಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಸಿಮೆಂಟಿನ ಬಣ್ಣ ಕಪ್ಪಾಗಿದ್ದರೆ ಇನ್ನೂ ಪಸೆ ಇದೆ.

ಗೋಡೆ ಎಷ್ಟು ನೀರು ಕುಡಿದಿರಬಹುದು ಅಂತ ಒಂದು ಅಂದಾಜು ಹೇಳುತ್ತೇನೆ, ಆಗ ಭಾವನವರಿಗೂ ಅರ್ಥವಾದೀತು. 9 ಇಂಚಿನ ಇಟ್ಟಿಗೆ ಗೋಡೆಯ ಒಂದು ಚದರ ಮೀಟರ್ ಹತ್ತಿರ ಹತ್ತಿರ 400 ಕೆಜಿ ತೂಗುತ್ತದೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ 20ರವರೆಗೆ ನೀರು ಕುಡಿಯಬಹುದು ಅಂತ ಐಎಸ್ 1077 ಮಾನದಂಡವೇ ಒಪ್ಪುತ್ತದೆ. ಶೇ 15 ಅಂತ ಹಿಡಿದರೂ ಚದರ ಮೀಟರಿಗೆ 60 ಲೀಟರ್. ನಾಲ್ಕು ಗೋಡೆ ಸೇರಿ 10 ಚದರ ಮೀಟರ್ ಪೂರ್ತಿ ಕುಡಿದಿದ್ದರೆ 600 ಲೀಟರ್! ಚಿರೇಕಲ್ಲಿಗೆ ಮೈಯೆಲ್ಲ ತೂತು, ಅದೇನೂ ಕಮ್ಮಿ ಕುಡಿಯುವುದಿಲ್ಲ. ಡಿಹ್ಯುಮಿಡಿಫೈಯರ್ ಮೇಲೆ "20 ಲೀಟರ್" ಅಂತ ಬರೆದದ್ದು ಸಾಮಾನ್ಯವಾಗಿ 30 ಡಿಗ್ರಿ ಸೆಕೆ, ಶೇ 80 ತೇವದಲ್ಲಿ ಅಳೆದದ್ದು. ಕೋಣೆ ಒಣಗುತ್ತಾ ಬಂದಂತೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ವಾರದಲ್ಲಿ ಒಣಗಿಸಿ ಬಣ್ಣ ಹೊಡೆಯುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೋಡೆಯ ಒಂದು ಇಂಚಿಗೆ ಒಂದು ತಿಂಗಳು ಅಂತ ಹಿಡಿದುಕೊಂಡರೆ ನಿರಾಸೆ ಆಗುವುದಿಲ್ಲ. ಅಲ್ಲಿಯವರೆಗೆ ಪುಟ್ಟಿ, ಎಮಲ್ಷನ್ ಯಾವುದೂ ಬೇಡ. ತೀರಾ ಬೇಕೆಂದರೆ ಸುಣ್ಣ ಹೊಡೆಯಿರಿ, ಅದು ಪಸೆಯನ್ನು ಹೊರಗೆ ಬಿಡುತ್ತದೆ.

ಯಂತ್ರ ತಗೊಳ್ಳುವುದೇ ಆದರೆ ಅಂಗಡಿಯಲ್ಲಿ ಇದನ್ನು ಕೇಳಿ: ಲೀಟರಿನ ಲೆಕ್ಕ ಯಾವ ಸೆಕೆ, ಯಾವ ತೇವದಲ್ಲಿ ಅಳೆದದ್ದು? ತೊಟ್ಟಿ ಬಿಟ್ಟು ಪೈಪ್‌ನಲ್ಲೇ ನೀರು ಹೊರಗೆ ಬಿಡಲು ಬರುತ್ತದಾ? ಕಂಪ್ರೆಸರ್ ಕೆಟ್ಟರೆ ರಿಪೇರಿ ಹುಬ್ಬಳ್ಳಿಯಲ್ಲೋ, ಇನ್ನೂ ದೂರವೋ? ಮನೆಬಳಕೆಯ 20 ಲೀಟರಿನದ್ದು 400 ವಾಟ್ ಹತ್ತಿರ ಎಳೆಯುತ್ತದೆ, ದಿನಪೂರ್ತಿ ಓಡಿದರೆ ಹತ್ತು ಯೂನಿಟ್. ನಿಮ್ಮಲ್ಲಿ ವೋಲ್ಟೇಜ್ ಕಮ್ಮಿಯಾದರೆ ಸ್ಟೆಬಿಲೈಸರ್ ಬೇಕು. 60 ಸಾವಿರದ್ದು ಒಬ್ಬರೇ ಕೊಳ್ಳುವ ಬದಲು ನಾಲ್ಕು ಮನೆ ಸೇರಿ ಕೊಳ್ಳಿ, ಅಥವಾ ಸೊಸೈಟಿಯಲ್ಲಿ ಕೇಳಿ ನೋಡಿ. ಮಳೆಗಾಲ ಮುಗಿದ ಮೇಲೆ ಒಬ್ಬರ ಮನೆಯಲ್ಲಿ ಅದು ಸುಮ್ನೆ ಧೂಳು ತಿನ್ನುತ್ತದೆ.

ಮೂಲೆಗೆ ಬಕೆಟ್‌ನಲ್ಲಿ ಕಲ್ಲುಪ್ಪು ಇಡಿ, ಪಸೆ ಎಳೆಯುವ ಪೊಟ್ಟಣ ನೇತು ಹಾಕಿ ಅಂತ ಮೇಲೆ ಯಾರೋ ಬರೆದಿದ್ದಾರೆ. ಕಪಾಟಿಗೆ ಸರಿ, 600 ಲೀಟರಿಗೆ ಅಲ್ಲ. ಗ್ಯಾಸ್ ಒಲೆ ಹಚ್ಚಿ ಕೋಣೆ ಬಿಸಿ ಮಾಡುವುದಂತೂ ಬೇಡ. ಗ್ಯಾಸ್ ಉರಿದರೆ ನೀರಿನ ಆವಿಯೇ ಹುಟ್ಟುವುದು. 14.2 ಕೆಜಿಯ ಒಂದು ಸಿಲಿಂಡರ್ ಪೂರ್ತಿ ಉರಿದರೆ 20 ಲೀಟರಿಗಿಂತ ಜಾಸ್ತಿ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು, ಜನರೇಟರ್ ಅಥವಾ ಪೆಟ್ರೋಲ್ ಪಂಪ್ ಓಡಿಸುವುದು ಇನ್ನೂ ಅಪಾಯ. ಆ ಹೊಗೆಗೆ ಜೀವವೇ ಹೋಗುತ್ತದೆ.

ಫ್ಯಾನ್ ವಿಷಯಕ್ಕೆ ಬರೋಣ. ಏರ್ ಮೂವರ್ ಅಂತ ನೆಲಕ್ಕೆ ಕೂರುವ ಬ್ಲೋವರ್ ಸಿಗುತ್ತದೆ, ಒಳ್ಳೆಯದೇ. ಆದರೆ ಮನೆಯಲ್ಲಿರುವ ಪೆಡೆಸ್ಟಲ್ ಫ್ಯಾನನ್ನು ತಗ್ಗಿಸಿ, ಗೋಡೆಗೆ ನೇರ ಮುಖ ಮಾಡದೆ ಓರೆಯಾಗಿ, ಗಾಳಿ ಗೋಡೆ ಸವರಿಕೊಂಡು ಹೋಗುವ ಹಾಗೆ ಇಟ್ಟರೆ ಮುಕ್ಕಾಲು ಕೆಲಸ ಅದೇ ಮಾಡುತ್ತದೆ. ಬೂಷ್ಟು ಆಗಲೇ ಎದ್ದಿದ್ದರೆ ಮೊದಲು ಒರೆಸಿ ತೆಗೆದು ಆಮೇಲೆ ಫ್ಯಾನ್ ಹಾಕಿ, ಇಲ್ಲದಿದ್ದರೆ ಮನೆಯೆಲ್ಲ ಹರಡುತ್ತದೆ. ಒದ್ದೆಯಾದ ಹಾಸಿಗೆ, ಪಾರ್ಟಿಕಲ್ ಬೋರ್ಡಿನ ಕಪಾಟು ಉಳಿಸಲು ಹೋಗಬೇಡಿ. ಬೂಷ್ಟಿಗೆ ಒಂದೆರಡು ದಿನವೇ ಸಾಕು, ನಿಮ್ಮದು ನಾಲ್ಕು ದಿನ ಆಗಿದೆ. ಸಾಗುವಾನಿ, ಹಲಸಿನ ಬಾಗಿಲುಗಳನ್ನು ಮಾತ್ರ ನೆರಳಲ್ಲಿ, ನಡುವೆ ರೀಪು ಕೊಟ್ಟು ಒಣಗಿಸಿ. ಅಡಿಕೆ ಡ್ರೈಯರ್‌ಗೆ ಹಾಕಿದರೆ ಸೀಳುತ್ತದೆ.

ಕೆಸರು ತೊಳೆಯಲು ಹೊಸ ಪ್ರೆಶರ್ ವಾಷರ್ ಬೇಡ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪ್ ಇದೆಯಲ್ಲ, ಅದನ್ನೇ ಚೆನ್ನಾಗಿ ತೊಳೆದು, ಪ್ರೆಶರ್ ತಗ್ಗಿಸಿ ಬಳಸಿ. ಸಂಪಿನಲ್ಲಿ, ಗುಂಡಿಯಲ್ಲಿ ಉಳಿದ ಕೆಸರುನೀರು ಎತ್ತಲು ಮಾತ್ರ ತೋಟದ ಮಾನೋಬ್ಲಾಕ್ ಪಂಪ್ ಹಾಕಬೇಡಿ, ಇಂಪೆಲ್ಲರ್ ಸವೆದು ಹೋಗುತ್ತದೆ. ಕೆಸರು ಎತ್ತುವ ಸಬ್‌ಮರ್ಸಿಬಲ್ ಪಂಪನ್ನು ಬಾಡಿಗೆಗೆ ತನ್ನಿ. ಸಂಪನ್ನು ಒಂದೇ ಸಲ ಖಾಲಿ ಮಾಡಬೇಡಿ. ಸುತ್ತಲ ಮಣ್ಣಲ್ಲಿ ನೀರು ತುಂಬಿರುವಾಗ ಒಳಗಿನದ್ದು ಬರಿದಾದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಗೆ ಬಾಗುತ್ತದೆ. ದಿನಕ್ಕೆ ಒಂದಡಿ ಇಳಿಸಿ, ಗುರುತು ಹಾಕಿ, ಮರುದಿನ ನೋಡಿ. ನೀರು ಮತ್ತೆ ಏರಿದ್ದರೆ ಕಾಯಿರಿ. ನೆಲದ ತೆಳು ನೀರಿಗೆ 30 ಲೀಟರಿನ ವೆಟ್ ವ್ಯಾಕ್ಯೂಮ್ ಒಳ್ಳೆಯದು, ಇದನ್ನು ಮಾತ್ರ ಕೊಂಡರೂ ನಷ್ಟವಿಲ್ಲ, ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಗಂಬೂಟು, ಗ್ಲೌಸ್ ಇಲ್ಲದೆ ಕೆಸರಿಗೆ ಇಳಿಯಬೇಡಿ, ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಎಚ್ಚರ.

ಅಡಿಕೆ ಚೀಲಗಳನ್ನು ಬಿಚ್ಚಿ, ನೀರು ತಾಗಿದ್ದನ್ನು ಬೇರೆ ಮಾಡಿ. ಅಕ್ಕಿ, ಹಿಂಡಿ ನೆನೆದಿದ್ದರೆ ದನಕ್ಕೂ ಹಾಕಬೇಡಿ. ಏನನ್ನು ಎಸೆಯುವುದಿದ್ದರೂ ಮೊದಲು ಫೋಟೋ ತೆಗೆಯಿರಿ, ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಲಿ. ಮನೆ ಸಾಲ ಇದ್ದರೆ ಬ್ಯಾಂಕಿನಲ್ಲಿ ವಿಮೆ ಕಾಗದ ಕೇಳಿ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಯೂ ಸೇರಿದೆ. ಸರ್ವೇಯರ್ ಬರುವ ಮೊದಲು ಎಲ್ಲ ಗುಡಿಸಿ ಹಾಕಿದರೆ ಕ್ಲೇಮು ಕಷ್ಟ.

ಕರೆಂಟಿನದ್ದು ಕಡೆಗೆ ಬರೆದರೂ ಮಾಡುವುದು ಎಲ್ಲಕ್ಕಿಂತ ಮೊದಲು. ಮೇನ್ ಆಫ್ ಇರಲಿ. ನೀರಲ್ಲಿ ಮುಳುಗಿದ ಸ್ವಿಚ್, ಪ್ಲಗ್, ಎಂಸಿಬಿ ಒಣಗಿಸಿ ಬಳಸುವಂಥದ್ದಲ್ಲ, ಬದಲಿಸಿಯೇ ಬಿಡಿ. ಒದ್ದೆ ಮನೆಯಲ್ಲಿ ಫ್ಯಾನ್, ವ್ಯಾಕ್ಯೂಮ್ ಓಡಿಸುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇರಲೇಬೇಕು. ಮುಳುಗಿದ ಪಂಪ್‌ಸೆಟ್, ಮಿಕ್ಸಿ, ಗ್ರೈಂಡರನ್ನು "ಒಂದ್ಸಲ ನೋಡೋಣ" ಅಂತ ಆನ್ ಮಾಡಬೇಡಿ. ಆನ್ ಮಾಡದೆ ತಂದರೆ ಬಿಚ್ಚಿ, ತೊಳೆದು, ಬಲ್ಬಿನ ಬಿಸಿಯಲ್ಲಿ ಒಣಗಿಸಿ, ಬೇರಿಂಗ್ ಬದಲಿಸಿದರೆ ಬಹಳಷ್ಟು ಉಳಿಯುತ್ತವೆ. ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ ಒಂದು ಮೆಗಾಓಮ್ ಮೇಲೆ ತೋರಿಸಿದರೆ ಮಾತ್ರ ಕರೆಂಟ್ ಕೊಡುವುದು. ಆನ್ ಮಾಡಿ ಸುಟ್ಟಮೇಲೆ ತಂದರೆ ವೈಂಡಿಂಗ್ ಪೂರ್ತಿ ಹೊಸದು, ಬಿಲ್ಲೂ ಹಾಗೇ.

ಕೋಣೆಯ ಉದ್ದ ಅಗಲ, ಮೇಲೆ ಹಂಚೋ ತಾರಸಿಯೋ, ಗೋಡೆಯಲ್ಲಿ ಒದ್ದೆ ಎಷ್ಟು ಎತ್ತರಕ್ಕೆ ಏರಿದೆ, ಇಷ್ಟನ್ನು ಇಲ್ಲಿ ಹಾಕಿ. ಯಂತ್ರ ಬೇಕೋ ಬೇಡವೋ, ಬೇಕಾದರೆ ಎಷ್ಟು ಲೀಟರಿನದ್ದು ಅಂತ ಸಂಜೆ ಲೆಕ್ಕ ಹಾಕಿ ಹೇಳುತ್ತೇನೆ. ಭಾವನವರಿಗೆ ಅಷ್ಟರವರೆಗೆ ತಡೆಯಲು ಹೇಳಿ.